ಹುದ್ದೆಗೊಂದು ಅಡ್ಡಹೆಸರು

ರಾಜಗೋಪಾಲನಗರದ ಹುಡುಗನೊಬ್ಬ ಐ.ಟಿ.ಐ. ಮುಗಿಸಿ ಪೀಣ್ಯದ ಯಾವುದೋ ಶೆಡ್ಡಿಗೆ ಟ್ರೈನಿಯಾಗಿ ಸೇರಿದನೆನ್ನಿ. ಅವನು ಮೊದಲು ಕಲಿಯುವುದು ಲೇತ್ ನಡೆಸುವುದನ್ನಲ್ಲ. ಯಾರನ್ನು ‘ಸಾರ್’ ಎನ್ನಬೇಕು, ಯಾರನ್ನು ‘ಅಣ್ಣ’ ಎನ್ನಬೇಕು, ಯಾರ ಹತ್ತಿರ ‘ಏನ್ ಗುರೂ’ ಎಂದರೆ ನಡೆಯುತ್ತದೆ ಎಂಬುದನ್ನು. ವಾರ ಕಳೆಯುವಷ್ಟರಲ್ಲಿ ಅವನಿಗೂ ಒಂದು ಅಡ್ಡಹೆಸರು ಬಿದ್ದಿರುತ್ತದೆ. ಮನೆಗೆ ಬಂದು ಹೇಳಿದರೆ ತಾಯಿಗೆ ಸಿಟ್ಟು, ತಂದೆಗೆ ನಗು. ಯಾರದು ಸರಿ?

ಈ ವಿಷಯದಲ್ಲಿ ನೌಕಾಪಡೆಗಳಿಂದ ಕಲಿಯುವುದಿದೆ. ಇಕ್ಕಟ್ಟಾದ ಹಡಗಿನಲ್ಲಿ ತಿಂಗಳುಗಟ್ಟಲೆ ಜೊತೆಗಿರುವವರಿಗೆ ತಮಾಷೆಯೂ ಊಟದಷ್ಟೇ ಅಗತ್ಯ. ಬ್ರಿಟಿಷ್ ನೌಕಾಪಡೆಯಲ್ಲಿ ಫಿರಂಗಿ ವಿಭಾಗದ ಅಧಿಕಾರಿ ‘ಗನ್ಸ್’, ರೇಡಿಯೋ ನೋಡಿಕೊಳ್ಳುವವನು ‘ಸ್ಪಾರ್ಕ್ಸ್’, ಬಡಗಿ ‘ಚಿಪ್ಪಿ’. ಮಿಲ್ಲರ್ ಎಂಬ ಮನೆತನದ ಹೆಸರಿನವರು ‘ಡಸ್ಟಿ’. ಮಿಲ್ಲರ್ ಎಂದರೆ ಹಿಟ್ಟಿನ ಗಿರಣಿಯವನು, ಅವನ ಮೈತುಂಬ ಧೂಳಲ್ಲವೆ?

ಹುದ್ದೆಯಿಂದ ಬಂದ ಹೆಸರುಗಳ ಗುಟ್ಟೇನು? ಅವು ಅಂಟುವುದು ಮನುಷ್ಯನಿಗಲ್ಲ, ಅವನು ಕೂತ ಕುರ್ಚಿಗೆ. ‘ಗನ್ಸ್’ಗೆ ವರ್ಗವಾದರೆ ಆ ಹೆಸರು ಹಡಗಿನಲ್ಲೇ ಉಳಿದು, ಮುಂದೆ ಬಂದವನಿಗೆ ಸೇರುತ್ತದೆ. ಅದರಲ್ಲಿ ಮೈಬಣ್ಣವಿಲ್ಲ, ಜಾತಿಯಿಲ್ಲ, ಊರಿಲ್ಲ. ಹಾಗೆಂದು ಎಲ್ಲರೂ ಹಾಗೆ ಕರೆಯುವಂತಿಲ್ಲ. ಸಮಾನರು, ಮೇಲಿನವರು ಕರೆಯಬಹುದು; ಕಿರಿಯ ನಾವಿಕನ ಬಾಯಲ್ಲಿ ‘ಸರ್’ ಎಂದೇ ಬರಬೇಕು. ನಮ್ಮ ಕಾರವಾರದ ಕಡಲತೀರದಲ್ಲೂ ದೋಣಿಯ ಮುಖ್ಯಸ್ಥ ‘ತಾಂಡೇಲ’. ಆ ಕೆಲಸದ ಹೆಸರೇ ಇಂದು ಎಷ್ಟೋ ಕುಟುಂಬಗಳ ಮನೆತನದ ಹೆಸರು.

ಕರೆಯುವ ರೀತಿ ಕೆಟ್ಟರೆ ಏನಾಗುತ್ತದೆ ಎಂಬುದಕ್ಕೂ ನೌಕಾಪಡೆಯಲ್ಲೇ ಉದಾಹರಣೆಯಿದೆ. 1946ರ ಫೆಬ್ರುವರಿಯಲ್ಲಿ ಮುಂಬಯಿಯ ‘ತಲ್ವಾರ್’ ಎಂಬ ಸಿಗ್ನಲ್ ತರಬೇತಿ ಕೇಂದ್ರದಲ್ಲಿ ಭಾರತೀಯ ನಾವಿಕರು ಮುಷ್ಕರ ಹೂಡಿದರು. ಕಳಪೆ ಊಟದ ಜೊತೆಗೆ ಅವರ ಇನ್ನೊಂದು ದೂರು, ಕಮಾಂಡಿಂಗ್ ಅಧಿಕಾರಿ ತಮ್ಮನ್ನು ಹುಟ್ಟನ್ನೇ ಹೀಯಾಳಿಸುವ ಮಾತುಗಳಿಂದ ಕರೆಯುತ್ತಾನೆ ಎಂಬುದು. ಕೆಲವೇ ದಿನಗಳಲ್ಲಿ ಸುಮಾರು 20,000 ನಾವಿಕರು ಮುಷ್ಕರಕ್ಕೆ ಇಳಿದರು. ಅನ್ನ ಕೆಟ್ಟಿದ್ದರೆ ಒಂದು ಹೊತ್ತು ಸಹಿಸಬಹುದು. ಹುಟ್ಟನ್ನು ಅಂದರೆ ಸಹಿಸುವವರು ಯಾರು?

ವಿದ್ಯಾರ್ಥಿಗಳೇ, ಹಾಸ್ಟೆಲಾಗಲಿ, ವರ್ಕ್‌ಶಾಪಾಗಲಿ, ಹೊಸ ಜಾಗದಲ್ಲಿ ಮೊದಲ ಕೆಲವು ವಾರ ಕಿವಿ ತೆರೆದು ಬಾಯಿ ಮುಚ್ಚಿಕೊಂಡಿರಿ. ಹಿರಿಯರು ‘ಗುರು’ ಎಂದರೂ ನೀವು ‘ಅಣ್ಣ’ ಎನ್ನಿ. ನಿಮಗೆ ಬಿದ್ದ ಹೆಸರು ನೋಯಿಸಿದರೆ ಮೊದಲ ದಿನವೇ ಮೆತ್ತಗೆ, “ಅಣ್ಣಾ, ನನ್ನ ಹೆಸರು ಹಿಡಿದೇ ಕರೀರಿ” ಎಂದುಬಿಡಿ. ತಡವಾದರೆ ಅದು ಅಂಟಿಕೊಳ್ಳುತ್ತದೆ. ನೀವೇ ಇನ್ನೊಬ್ಬರಿಗೆ ಹೆಸರಿಡುವಾಗ, ಅವನೂ ನಗುತ್ತಿದ್ದಾನೆಯೇ ಎಂದು ನೋಡಿ.

ತಂದೆತಾಯಂದಿರು ಮಗನನ್ನೋ ಮಗಳನ್ನೋ ಒಂದೇ ಪ್ರಶ್ನೆ ಕೇಳಿದರೆ ಸಾಕು: “ಅಲ್ಲಿ ನಿನ್ನನ್ನು ಏನಂತ ಕರೀತಾರೆ?” ಉತ್ತರ ನಗುತ್ತಾ ಬಂದರೆ ಚಿಂತೆಯಿಲ್ಲ. ತಲೆ ತಗ್ಗಿದರೆ, ಟಿ.ವಿ. ಆರಿಸಿ ಪಕ್ಕದಲ್ಲಿ ಕುಳಿತುಕೊಳ್ಳಿ.