ಟೈಟಲ್ ಬಾರಿನಲ್ಲಿ ಕಾಲು ಕಳ್ಕೊಂಡ ಅಕ್ಷರಗಳು

ಬಹಳ ದಿನ ಆಯ್ತು ಇಲ್ಲಿ ಏನೂ ಬರೆಯದೆ. ಸ್ಟಾಕ್‌ಹೋಮಿನ ಚಳಿ, ಡಿಸೆಂಬರಿನಲ್ಲಿ ಮಧ್ಯಾಹ್ನ ಮೂರಕ್ಕೇ ಕವಿಯೋ ಕತ್ತಲು, ಇವುಗಳ ಬಗ್ಗೆ ಗೋಳಾಡಿದ್ದು ಸಾಕು. ಇವತ್ತು ನನ್ನ ಹೊಟ್ಟೆಪಾಡಿನ ವಿಷಯ. ಮೊಬೈಲ್ ಆ್ಯಪ್ ತೆರೆದಾಗ ಪರದೆಯ ಮೇಲ್ತುದಿಯಲ್ಲಿ ಒಂದು ಪಟ್ಟಿ ಇರುತ್ತಲ್ಲ.. ಎಡಗಡೆ ಹಿಂದಕ್ಕೆ ಹೋಗೋ ಬಾಣ, ನಡುವೆ ಪುಟದ ಹೆಸರು, ಬಲಗಡೆ ಮೂರು ಚುಕ್ಕಿ. ಅದೇ ಟೈಟಲ್ ಬಾರು. "ಅದ್ರ ಬಗ್ಗೆ ಬರೆಯೋಕೆ ಏನಿದೆ ಮಾರಾಯಾ" ಅನ್ನಬೇಡಿ. ನಮ್ಮ ಜನ ಫೋನಿನಲ್ಲಿ ಕನ್ನಡ ಬಿಟ್ಟು ಇಂಗ್ಲಿಷಿಗೆ ಹೋಗೋದಕ್ಕೆ ಒಂದು ಕಾರಣ ಆ ಪಟ್ಟಿಯೊಳಗೇ ಕೂತಿದೆ ಅನ್ನೋದು ನನ್ನ ವಾದ.

ಮೊದಲು ಎತ್ತರದ ಲೆಕ್ಕ. ಆಂಡ್ರಾಯ್ಡಿನಲ್ಲಿ ಈ ಪಟ್ಟಿಯ ಎತ್ತರ ಬಹಳ ವರ್ಷ 56 ಡಿಪಿ ಇತ್ತು, ಮೆಟೀರಿಯಲ್ 3 ಬಂದ ಮೇಲೆ 64. ಐಫೋನಿನಲ್ಲಿ ಬಹಳ ವರ್ಷ 44 ಪಾಯಿಂಟು ಅನ್ನೋದೇ ಮಾಮೂಲಿ ಅಳತೆ ಆಗಿತ್ತು. ಇಂಗ್ಲಿಷ್ ಅಕ್ಷರಗಳಿಗೆ ಇದು ಧಾರಾಳ. ನಮ್ಮ ಅಕ್ಷರದ ಕಥೆ ಬೇರೆ. ಮೇಲೆ ತಲಕಟ್ಟು, ಗುಡಿಸು, ಕೆಳಗೆ ಒತ್ತು, 'ಶಾಸ್ತ್ರ', 'ರಾಷ್ಟ್ರ'ದಂಥ ಪದಗಳಲ್ಲಿ ಎರಡೆರಡು ಒತ್ತು. ಒಂದೇ ಸಾಲಿದ್ದರೆ ಹೇಗೋ ಹಿಡಿಯುತ್ತೆ. ತೊಂದರೆ ಶುರುವಾಗೋದು ಡಿಸೈನರ್ ಮಹಾಶಯರು ಹೆಸರಿನ ಕೆಳಗೆ ಇನ್ನೊಂದು ಪುಟಾಣಿ ಸಾಲು ತುರುಕಿ, ಎತ್ತರಕ್ಕೆ ಮೊಳೆ ಹೊಡೆದಾಗ. ಅದರ ಮೇಲೆ ಕಣ್ಣು ಮಂಜಾದವರು ಫಾಂಟ್ ದೊಡ್ಡದು ಮಾಡಿಕೊಂಡರೆ ಮುಗೀತು, ಅಕ್ಷರಗಳ ಕಾಲು ಕತ್ತರಿಸಿ ಹೋಗುತ್ತೆ. ಒತ್ತು ಹೋದರೆ ಹಳ್ಳಿ ಹಳಿಯಾಗುತ್ತೆ, ಬಳ್ಳಿ ಬಳಿಯಾಗುತ್ತೆ, ಕತ್ತೆ ಹೋಗಿ ಕತೆ ಆಗುತ್ತೆ :)

ಇನ್ನು ಅಗಲದ ಲೆಕ್ಕ. ಹೆಸರು ಉದ್ದವಾದರೆ ಆ್ಯಪ್ ಬಾಲ ಕತ್ತರಿಸಿ ಮೂರು ಚುಕ್ಕಿ ಇಡುತ್ತೆ. ಇಂಗ್ಲಿಷಿನಲ್ಲಿ ಇದರಿಂದ ಅಷ್ಟು ನಷ್ಟ ಇಲ್ಲ, ಯಾಕಂದ್ರೆ 'ನಾಟ್' ಅನ್ನೋದು ಸಾಮಾನ್ಯವಾಗಿ ಕ್ರಿಯಾಪದಕ್ಕಿಂತ ಮೊದಲೇ ಬಂದುಬಿಟ್ಟಿರುತ್ತೆ. ಕನ್ನಡದಲ್ಲಿ ಹೌದು-ಇಲ್ಲ ಎರಡೂ ಕೊನೆಯಲ್ಲಿ. "ಹಣ ಕಳಿಸಲಾ..." ಅಂತ ಕಂಡರೆ ಏನು ಅರ್ಥ? ಕಳಿಸಲಾಗಿದೆಯೋ, ಕಳಿಸಲಾಗಲಿಲ್ಲವೋ? "ಅಳಿಸಬೇ..." ಅಂದರೆ ಬೇಕೋ, ಬೇಡವೋ? ಬಾಲ ಕತ್ತರಿಸೋದು ಅಂದ್ರೆ ನಮ್ಮ ಭಾಷೆಯಲ್ಲಿ ತೀರ್ಪನ್ನೇ ಕತ್ತರಿಸಿದ ಹಾಗೆ.

ಇದು ಬರೀ ತಮಾಷೆ ಅಲ್ಲ. ಅರಕಲಗೂಡಿನ ಹತ್ತಿರ ಇರೋ ನಮ್ಮಪ್ಪನ ಫೋನನ್ನ ನಾನೇ ಕನ್ನಡಕ್ಕೆ ಹಾಕಿಕೊಟ್ಟಿದ್ದೆ. ಯಾವುದೋ ಒಂದು ಹಣದ ಆ್ಯಪು (ಹೆಸರು ಬೇಡ ಬಿಡಿ) ಇದೇ ಥರ ಬಾಲ ಕತ್ತರಿಸಿ ತೋರಿಸ್ತು. ದುಡ್ಡು ಹೋಗಿಲ್ಲವೇನೋ ಅಂತ ಅಪ್ಪ ಗೊಬ್ಬರದ ಅಂಗಡಿಗೆ ಎರಡು ಸಲ ಕಳಿಸಿದ್ರು. ಅಂಗಡಿಯವರು ಪರಿಚಯದವರು, ವಾಪಸ್ ಕೊಟ್ಟರು. ಆದರೆ ಅಪ್ಪ ಫೋನಲ್ಲಿ ಹೇಳಿದ್ದು ಇಷ್ಟೇ: "ಇದನ್ನ ಇಂಗ್ಲಿಷಿಗೇ ಹಾಕ್ಕೊಡು ಮಗ. ಸಕ್ಸಸ್ಸು, ಫೇಲು ಅಂತ ಎರಡು ಪದ ಗುರುತು ಹಿಡ್ಕೋತೀನಿ."

ನೋಡಿ, ಕನ್ನಡದ ಒಬ್ಬ ಬಳಕೆದಾರ ಹೋದದ್ದು ಹೀಗೆ. ನಾಳೆ ಯಾವುದೋ ಕಂಪನಿಯ ಮೀಟಿಂಗಿನಲ್ಲಿ ಯಾರೋ ಎದ್ದು ನಿಂತು "ಕನ್ನಡಕ್ಕೆ ಬೇಡಿಕೆಯೇ ಇಲ್ಲ, ಕರ್ನಾಟಕದವರೂ ಇಂಗ್ಲಿಷಿನಲ್ಲೇ ಬಳಸ್ತಾರೆ" ಅಂತ ಅಂಕಿ ತೋರಿಸ್ತಾರೆ. ಕೆಟ್ಟದಾಗಿ ಮಾಡೋದು, ಜನ ಬಿಟ್ಟು ಹೋಗೋದು, ಜನ ಇಲ್ಲ ಅಂತ ಇನ್ನೂ ಕೆಟ್ಟದಾಗಿ ಮಾಡೋದು. ಈ ಚಕ್ರ ಎಲ್ಲಿ ಶುರುವಾಯ್ತು ಅಂತ ಆ ಅಂಕಿ ಹೇಳಲ್ಲ.

ಗೂಗಲ್‌ನವರು ಇದಕ್ಕೆ ಮೊದಲು ಕಂಡುಕೊಂಡ ಮದ್ದು ಅಕ್ಷರವನ್ನೇ ಕುಗ್ಗಿಸೋದು. ಆಂಡ್ರಾಯ್ಡಿನಲ್ಲಿ ಕನ್ನಡಕ್ಕೆ ಎರಡು ಫಾಂಟ್ ಇಟ್ಟರು: ಸಹಜ ಎತ್ತರದ್ದೊಂದು, ಇಕ್ಕಟ್ಟಿನ ಜಾಗಕ್ಕೆ ಅಂತ ಮೇಲಿಂದ ಕೆಳಗೆ ಅದುಮಿದ್ದೊಂದು. ಸುಮ್ಮನಿದ್ದರೆ ಸಿಗ್ತಿದ್ದದ್ದು ಅದುಮಿದ್ದು. ಸಹಜ ಎತ್ತರದ್ದು ಬೇಕಂದ್ರೆ 2014ರ ಆಂಡ್ರಾಯ್ಡ್ 5ರಲ್ಲಿ ಬಂದ 'ಎಲಿಗೆಂಟ್ ಟೆಕ್ಸ್ಟ್ ಹೈಟ್' ಅನ್ನೋ ಗುಂಡಿಯನ್ನ ಪ್ರೋಗ್ರಾಮರ್ ಒತ್ತಬೇಕಿತ್ತು. ಎಷ್ಟು ಜನ ಒತ್ತಿರಬಹುದು, ನೀವೇ ಊಹಿಸಿ. 2024ರ ಆಂಡ್ರಾಯ್ಡ್ 15ರಲ್ಲಿ ಅದೇ ವಾಡಿಕೆಯಾಯ್ತು. 2025ರ ಆಂಡ್ರಾಯ್ಡ್ 16ಕ್ಕೆ ಅಂತ ಮಾಡೋ ಆ್ಯಪುಗಳಲ್ಲಿ ಆ ಗುಂಡಿಗೆ ಬೆಲೆಯೇ ಇಲ್ಲ, ಅದುಮಿದ ಫಾಂಟುಗಳು ಹೋಗ್ತಿವೆ, ನಿಮ್ಮ ಲೇಔಟ್ ಸರಿಮಾಡಿಕೊಳ್ಳಿ ಅಂತ ಹೇಳಿಬಿಟ್ಟಿದ್ದಾರೆ. ಆ ಪಟ್ಟಿಯಲ್ಲಿ ತಮಿಳು, ತೆಲುಗು, ಮಲಯಾಳಂ, ಥಾಯ್ ಜೊತೆ ಕನ್ನಡದ ಹೆಸರೂ ಇದೆ. ಇಷ್ಟು ದಿನ ಪಟ್ಟಿಗೆ ತಕ್ಕಂತೆ ಅಕ್ಷರ ಬಗ್ಗಿತ್ತು, ಇನ್ನು ಅಕ್ಷರಕ್ಕೆ ತಕ್ಕಂತೆ ಪಟ್ಟಿ ಹಿಗ್ಗಬೇಕು. ಹಿಗ್ಗಿಸದೇ ಇದ್ದರೆ? ಕತ್ತರಿ ಇನ್ನೂ ಜೋರಾಗಿ ಬೀಳುತ್ತೆ.

ನಮ್ಮ ತಂಡದಲ್ಲಿ ಇದನ್ನ ಎತ್ತಿದಾಗ ಒಬ್ಬ ಸ್ವೀಡಿಶ್ ಗೆಳೆಯ ಕೇಳಿದ, "ಆ ಕೆಳಗಿನ ಸಣ್ಣ ಗುರುತು ಇಲ್ಲದಿದ್ರೆ ಓದೋಕೆ ಆಗೋದೇ ಇಲ್ವಾ?" ನಾನು ಅವನ ಭಾಷೆಯಲ್ಲೇ ಉತ್ತರ ಕೊಟ್ಟೆ. ಸ್ವೀಡಿಶಿನಲ್ಲಿ 'ಫೋರ್' ಅಂದರೆ ಕುರಿ. ಬರೆಯುವಾಗ ನಡುವಿನ ಅಕ್ಷರದ ತಲೆ ಮೇಲೆ ಒಂದು ಪುಟ್ಟ ಉಂಗುರ. ಆ ಉಂಗುರ ಕತ್ತರಿಸಿದರೆ ಅದು 'ಫಾರ್', ಅಂದರೆ ಅಪ್ಪ! ಕುರಿಯನ್ನ ಅಪ್ಪ ಮಾಡೋಣವಾ ಅಂದೆ. ಗೆಳೆಯ ನಕ್ಕ, ಆಮೇಲೆ ಮಾತಾಡಲಿಲ್ಲ. ನಿಮ್ಮ ಉಂಗುರ ಮೇಲೆ, ನಮ್ಮ ಒತ್ತು ಕೆಳಗೆ, ಅಷ್ಟೇ ವ್ಯತ್ಯಾಸ.

ಈ ಉಂಗುರ-ಚುಕ್ಕಿಗಳಿಗಾಗಿ ಸ್ವೀಡನ್ನಿನವರು ಹಿಂದೆ ಏನು ಮಾಡಿದ್ದರು ಗೊತ್ತಾ? ಏಳು ಬಿಟ್ಟಿನ ಅಕ್ಷರಗಳ ಕಾಲದಲ್ಲಿ ಅಮೆರಿಕದ ಸಂಕೇತ ಪಟ್ಟಿಯಲ್ಲಿ ಇವುಗಳಿಗೆ ಜಾಗವೇ ಇರಲಿಲ್ಲ. ಇವರು ಬ್ರಾಕೆಟ್ಟುಗಳನ್ನೂ ಅವುಗಳ ಅಕ್ಕಪಕ್ಕದ ಗೆರೆಗಳನ್ನೂ ಎಬ್ಬಿಸಿ ಆ ಜಾಗದಲ್ಲಿ ತಮ್ಮ ಅಕ್ಷರ ಕೂರಿಸಿದರು. ಅಂಥ ಟರ್ಮಿನಲ್ಲಿನಲ್ಲಿ ಸಿ ಪ್ರೋಗ್ರಾಮ್ ತೆರೆದರೆ ಕರ್ಲಿ ಬ್ರಾಕೆಟ್ ಇರಬೇಕಾದ ಕಡೆಯೆಲ್ಲ ಸ್ವೀಡಿಶ್ ಅಕ್ಷರ! ಪ್ರೋಗ್ರಾಮರಿಗೆ ಕಷ್ಟ ಆದರೂ ಪರವಾಗಿಲ್ಲ, ಜನರ ಹೆಸರು ತಪ್ಪಾಗಬಾರದು ಅನ್ನೋ ಹಟ. ಇವತ್ತಿಗೂ ಈ ದೇಶದ ಜನಸಂಖ್ಯೆ ಒಂದು ಕೋಟಿ ಚಿಲ್ಲರೆ. 2011ರ ಜನಗಣತಿಯಲ್ಲಿ ಕನ್ನಡ ತಾಯ್ನುಡಿ ಅಂದವರು 4.37 ಕೋಟಿ. ಹಟ ಮಾತ್ರ ಎಲ್ಲಿ ಹೋಯ್ತೋ.

"ಎಲ್ಲ ಭಾಷೆಯಲ್ಲೂ ಆ್ಯಪ್ ಒಂದೇ ಥರ ಕಾಣಬೇಕು" ಅನ್ನೋದು ಡಿಸೈನರುಗಳ ವಾದ. ಚೆನ್ನಾಗಿದೆ, ಆದರೆ ಎಲ್ಲರಿಗೂ ಒಂದೇ ಅಳತೆಯ ಅಂಗಿ ಹೊಲಿಯೋದು ಸಮಾನತೆ ಅಲ್ಲ. ಮಾಡೋಕೆ ಕಷ್ಟವೂ ಇಲ್ಲ. 2014ರಲ್ಲಿ ಟೂಲ್‌ಬಾರ್ ಬಂದ ಮೇಲೆ ಆಂಡ್ರಾಯ್ಡಿನ ಟೈಟಲ್ ಬಾರ್ ಅನ್ನೋದು ಬೇರೆಲ್ಲದರ ಹಾಗೆ ಒಂದು ಸಾಮಾನ್ಯ ವ್ಯೂ. 56 ಅನ್ನೋದನ್ನ ಕನಿಷ್ಠ ಎತ್ತರ ಅಂತ ಮಾತ್ರ ಹೇಳಿ, ಉಳಿದದ್ದನ್ನ ಒಳಗಿರೋ ಅಕ್ಷರಕ್ಕೆ ಬಿಡಿ. ಎರಡು ಸಾಲಿಗೆ ಅವಕಾಶ ಕೊಡಿ. ಐಫೋನಿನಲ್ಲಿ 2017ರಿಂದ ದೊಡ್ಡ ಟೈಟಲ್ ಇದೆ, ಅದನ್ನ ಬಳಸಿ. ಅನುವಾದ ಮಾಡೋರು "ಹಣ ಕಳಿಸಲಾಗಲಿಲ್ಲ" ಅನ್ನೋ ಬದಲು "ಹಣ ಹೋಗಿಲ್ಲ" ಅಂತ ಆಡುಮಾತಿನಲ್ಲಿ ಬರೆದರೆ ಅರ್ಧ ಸಮಸ್ಯೆ ಅಲ್ಲೇ ಮುಗಿಯುತ್ತೆ.

ಕೊನೆಯದಾಗಿ ಒಂದು ಮಾತು. ಬೆಂಗಳೂರಿನಿಂದ ಹಿಡಿದು ಇಲ್ಲಿಯವರೆಗೆ ಆ್ಯಪ್ ಕಟ್ಟೋ ತಂಡಗಳಲ್ಲಿ ನಮ್ಮವರು ಬೇಕಾದಷ್ಟು ಜನ ಇದ್ದೀವಿ. ಕನ್ನಡದ ಪುಟವನ್ನ ಫಾಂಟ್ ದೊಡ್ಡದು ಮಾಡಿ, 'ರಾಷ್ಟ್ರೀಯ' ಅಂತ ಟೈಪಿಸಿ ಒಂದ್ಸಲ ನೋಡೋಕೆ ಎರಡು ನಿಮಿಷ ಸಾಕು. ಅದನ್ನ ಬೇರೆ ಯಾರೂ ನೋಡಲ್ಲ ಸ್ವಾಮಿ, ಯಾಕಂದ್ರೆ ಒತ್ತು ಕಾಣೆಯಾದದ್ದು ಬೇರೆ ಯಾರ ಕಣ್ಣಿಗೂ ಬೀಳಲ್ಲ. ನಾವು ನೋಡದಿದ್ದರೆ ಇನ್ಯಾರು ನೋಡ್ಬೇಕು? ಏನಂತೀರಿ?