ಆನೆಮಲೆಯ ಮೇಲಿನ ವಾಲ್ಪಾರೈ

‘ಆನೆಮಲೆ’ ಎಂಬ ಹೆಸರಿನ ಅರ್ಥವನ್ನು ಕನ್ನಡಿಗರಾದ ನಮಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಆನೆಗಳ ಆ ಮಲೆಯ ಮೇಲೆ, ಸಮುದ್ರಮಟ್ಟದಿಂದ ಸುಮಾರು 3,500 ಅಡಿ ಎತ್ತರದಲ್ಲಿ, ಕೊಯಮತ್ತೂರು ಜಿಲ್ಲೆಯ ವಾಲ್ಪಾರೈ ಪಟ್ಟಣವಿದೆ.

ಪೊಳ್ಳಾಚಿಯಿಂದ ಅಲ್ಲಿಗೆ ಸುಮಾರು 65 ಕಿಲೋಮೀಟರು. ಆಳಿಯಾರು ಅಣೆಕಟ್ಟನ್ನು ದಾಟಿದ ಮೇಲೆ ಘಟ್ಟದ ದಾರಿ 40 ಕಡಿದಾದ ತಿರುವುಗಳಲ್ಲಿ ಏರುತ್ತದೆ. ಕೆಳಗೆ ಬಯಲುಸೀಮೆಯ ಒಣಹವೆ. ಮೇಲೆ ಮಂಜು ಮತ್ತು ಮಳೆ. ಸಮೀಪದ ಚಿನ್ನಕಲ್ಲಾರು ತಮಿಳುನಾಡಿನಲ್ಲಿ ಅತಿ ಹೆಚ್ಚು ಮಳೆಯಾಗುವ ಸ್ಥಳಗಳಲ್ಲೊಂದು.

ಇಂದು ಕಣ್ಣಿಗೆ ತಂಪೆರೆಯುವ ಚಹಾತೋಟಗಳ ಹಸಿರು ಈ ಮಲೆಗೆ ಹುಟ್ಟಿನಿಂದ ಬಂದುದಲ್ಲ. ಕಾಡರ್, ಮುದುವರ್ ಮೊದಲಾದ ಗಿರಿಜನರು ಬಾಳಿದ ದಟ್ಟ ಮಳೆಕಾಡು ಇಲ್ಲಿತ್ತು. 19ನೆಯ ಶತಮಾನದ ಕೊನೆಯಲ್ಲಿ ಕಾರ್ವರ್ ಮಾರ್ಷ್ ಮೊದಲಾದ ಆಂಗ್ಲ ತೋಟಗಾರರು ಕಾಡನ್ನು ಕಡಿಸಿ ತೋಟಗಳನ್ನೆಬ್ಬಿಸಿದರು. ಮಾರ್ಷ್‌ನಿಗೆ ಅಲ್ಲಿ ಪ್ರತಿಮೆಯಿದೆ. ರಸ್ತೆ ಮಾಡಿಸಿದ ಲೋಮ್‌ನ ಹೆಸರು ಘಟ್ಟದ ಒಂದು ನೋಟತಾಣಕ್ಕಿದೆ. ಕಾಡು ಕಡಿದು ಗಿಡ ನೆಟ್ಟ ಕೂಲಿಗಳನ್ನು ಅರಿಯಬೇಕಾದರೆ ಮಾತ್ರ ನಾವು ಪುಸ್ತಕವನ್ನೇ ತೆರೆಯಬೇಕು. ಈ ತೋಟಗಳಲ್ಲಿ ವೈದ್ಯರಾಗಿದ್ದ ಪಿ. ಎಚ್. ಡೇನಿಯಲ್ 1969ರಲ್ಲಿ ‘ರೆಡ್ ಟೀ’ ಎಂಬ ಇಂಗ್ಲಿಷ್ ಕಾದಂಬರಿಯನ್ನು ಪ್ರಕಟಿಸಿದರು. ಮೇಸ್ತ್ರಿಯ ಮುಂಗಡ ಹಣಕ್ಕೆ ಮನಸೋತು ಬಯಲಿನಿಂದ ಮಲೆಯೇರಿದ ಬಡವರು ತೀರದ ಸಾಲಕ್ಕೂ ಮಲೇರಿಯಕ್ಕೂ ಸಿಕ್ಕಿ ನವೆದ ಪರಿಯನ್ನು ಅದು ಚಿತ್ರಿಸುತ್ತದೆ. 2013ರ ‘ಪರದೇಸಿ’ ತಮಿಳು ಚಲನಚಿತ್ರಕ್ಕೆ ಆಧಾರವಾದದ್ದು ಇದೇ ಕೃತಿ.

ಕಾಡು ಪೂರ್ತಿ ಅಳಿದಿಲ್ಲ. ತೋಟಗಳ ನಡುವೆ ಉಳಿದಿರುವ ಕಾಡಿನ ತುಣುಕುಗಳಲ್ಲಿ ಸಿಂಗಳೀಕಗಳು ವಾಸಿಸುತ್ತವೆ. ಆನೆಗಳೂ ತಮ್ಮ ಹಳೆಯ ಹಾದಿಗಳನ್ನು ಮರೆತಿಲ್ಲ. ಅವು ಸುಳಿದಾಡುವ ಸುದ್ದಿಯನ್ನು ಮೊಬೈಲ್ ಸಂದೇಶಗಳಿಂದಲೂ ಕೆಂಪು ದೀಪಗಳಿಂದಲೂ ತೋಟದ ಜನರಿಗೆ ಮುಂಚಿತವಾಗಿ ತಿಳಿಸುವ ಏರ್ಪಾಟಿದೆ. ಇದರಿಂದ ಎಷ್ಟೋ ಜೀವಗಳಿಗೆ ರಕ್ಷಣೆ ದೊರೆತಿದೆ.

ಈ ಊರು ನಮಗೇನಾಗಬೇಕು ಎಂದು ಕೆಲವರು ಕೇಳಬಹುದು. ಕೊಯಮತ್ತೂರು ಸೀಮೆ 1799ರವರೆಗೆ ಮೈಸೂರಿನ ಆಳ್ವಿಕೆಯಲ್ಲಿತ್ತು. ಕನ್ನಡವನ್ನು ಮನೆಮಾತಾಗಿ ಉಳಿಸಿಕೊಂಡಿರುವ ದೇವಾಂಗರೂ ಒಕ್ಕಲಿಗರೂ ಇಂದಿಗೂ ಅಲ್ಲಿನ ಬಯಲಿನಲ್ಲಿದ್ದಾರೆ. ವಾಲ್ಪಾರೈಯ ಮಳೆನೀರು ಸಹಜವಾಗಿ ಪಡುವಣಕ್ಕೆ ಹರಿಯತಕ್ಕದ್ದು. ಪರಂಬಿಕುಳಂ-ಆಳಿಯಾರು ಯೋಜನೆಯ ಮೂಲಕ ನೀರಾರು, ಶೋಲಯಾರುಗಳ ನೀರನ್ನು ಸುರಂಗಗಳಲ್ಲಿ ಮೂಡಣಕ್ಕೆ ತಿರುಗಿಸಲಾಗಿದೆ. ಈ ಬಗ್ಗೆ ತಮಿಳುನಾಡು ಮತ್ತು ಕೇರಳಗಳ ನಡುವೆ 1970ರಲ್ಲಿ ಒಪ್ಪಂದವಾಯಿತು. ಪೊಳ್ಳಾಚಿ, ಉಡುಮಲೈಪೇಟೆಗಳ ಹೊಲಗಳನ್ನು ತಣಿಸುವ ಕಾಲುವೆಯ ನೀರಿನಲ್ಲಿ ಆ ಮಲೆಯ ಮಳೆಯೂ ಕೂಡಿದೆ.

ರಜೆಯಲ್ಲಿ ಮಕ್ಕಳೊಡನೆ ವಾಲ್ಪಾರೈಗೆ ಹೋಗುವ ನಮ್ಮ ಓದುಗರು ಚಹಾಗಿಡಗಳ ಚೆಲುವನ್ನು ಕಂಡು ನಲಿಯಲಿ. ಜೊತೆಗೆ ಆ ಗಿಡಗಳನ್ನು ನೆಟ್ಟವರಾರು, ಅವುಗಳ ನಡುವಿನ ಕಾಡು ಏಕೆ ಉಳಿಯಬೇಕು, ಅಲ್ಲಿಯ ನೀರು ಎಲ್ಲಿಗೆ ಹೋಗುತ್ತದೆ ಎಂಬುದನ್ನೂ ಮಕ್ಕಳಿಗೆ ತಿಳಿಸಿ ಹೇಳಲಿ ಎಂಬುದು ನಮ್ಮ ಬಿನ್ನಹ.