ಮತದ ಹಕ್ಕು, ಮಾತಿನ ಹಕ್ಕು



ಚುನಾವಣೆಗಳು ನಡೆದ ಮಾತ್ರಕ್ಕೆ ಪ್ರಜಾಪ್ರಭುತ್ವ ಉಳಿಯುವುದೆ? ಉಳಿಯದೆಂಬುದಕ್ಕೆ ಜರ್ಮನಿಯೇ ಸಾಕ್ಷಿ. ಮೊದಲನೆಯ ಮಹಾಯುದ್ಧದಲ್ಲಿ ಸೋತ ಆ ದೇಶವು 1918ರಲ್ಲಿ ಸ್ತ್ರೀಪುರುಷರಿಬ್ಬರಿಗೂ ಮತದ ಹಕ್ಕುಳ್ಳ ಗಣರಾಜ್ಯವಾಯಿತು. 1928ರಲ್ಲಿ ಹಿಟ್ಲರನ ಪಕ್ಷಕ್ಕೆ ನೂರಕ್ಕೆ ಮೂರು ಮತಗಳೂ ದೊರೆಯಲಿಲ್ಲ. ಮರುವರ್ಷ ಆರ್ಥಿಕ ಕುಸಿತ ಬಂದೆರಗಿತು. ನಿರುದ್ಯೋಗಿಗಳ ಸಂಖ್ಯೆ 60 ಲಕ್ಷಕ್ಕೇರಿತು. 1932ರ ಜುಲೈನಲ್ಲಿ ಅದೇ ಪಕ್ಷಕ್ಕೆ ನೂರಕ್ಕೆ 37 ಮತಗಳು ಬಂದವು. ಅದು ಬಹುಮತವಲ್ಲ. ಆದರೂ ಅವನನ್ನು ತಾವು ಹತೋಟಿಯಲ್ಲಿಡಬಲ್ಲೆವೆಂದು ನಂಬಿದ ಹಿರಿಯ ರಾಜಕಾರಣಿಗಳು 1933ರ ಜನವರಿ 30ರಂದು ಅವನನ್ನು ಅಧಿಕಾರ ಪೀಠಕ್ಕೇರಿಸಿದರು. ಮಾರ್ಚ್ 23ರಂದು ಸಂಸತ್ತು ಶಾಸನಾಧಿಕಾರವನ್ನೇ ಅವನ ಸರ್ಕಾರಕ್ಕೆ ಒಪ್ಪಿಸಿತು: ಪರವಾಗಿ 444, ವಿರುದ್ಧವಾಗಿ 94. ಆ ಹೊತ್ತಿಗೆ ಹಲವು ಪ್ರತಿನಿಧಿಗಳು ಸೆರೆಯಲ್ಲಿದ್ದರು. ಸಭಾಭವನದಲ್ಲಿ ಅವನ ದಂಡು ನಿಂತಿತ್ತು. ಮಾತು ಅಡಗಿದ ಮೇಲೆ ಮತಕ್ಕೆ ಬೆಲೆಯೆಲ್ಲಿ?

ಕುಂಚಾವರಂ, ಚಿಂಚೋಳಿ, ಸೇಡಂ, ಚಿತ್ತಾಪುರಗಳ ನಮ್ಮ ಹಿರಿಯರಿಗೆ ಈ ಪಾಠ ಬೇರೊಂದು ಬಗೆಯಲ್ಲಿ ದೊರೆಯಿತು. ನಿಜಾಮರ ರಾಜ್ಯದಲ್ಲಿ ಎಲ್ಲರಿಗೂ ಮತವಿರಲಿಲ್ಲ. ಜವಾಬ್ದಾರಿ ಸರ್ಕಾರ ಕೇಳಿದ ಸ್ಟೇಟ್ ಕಾಂಗ್ರೆಸ್ಸನ್ನು 1938ರಲ್ಲಿ ಅದು ಹುಟ್ಟುವ ಮೊದಲೇ ನಿಷೇಧಿಸಲಾಯಿತು. ಬಾಯಿ ಕಟ್ಟಿದ ಆ ನಾಡಿನಲ್ಲಿ ಕಾಸಿಂ ರಜ್ವಿಯ ರಜಾಕಾರರು ಬೆಳೆದರು. 1948ರ ಮೇ ತಿಂಗಳಲ್ಲಿ ಬಸವಕಲ್ಯಾಣ ಸೀಮೆಯ ಗೋರ್ಟಾದಲ್ಲಿ ನೆತ್ತರು ಹರಿಯಿತು. ಆಗಸ್ಟ್‌ನಲ್ಲಿ ಅವರನ್ನು ಖಂಡಿಸಿ ಬರೆದ ‘ಇಮ್ರೋಜ್’ ಪತ್ರಿಕೆಯ ಸಂಪಾದಕ ಶೋಯೆಬುಲ್ಲಾ ಖಾನ್ ಹೈದರಾಬಾದಿನಲ್ಲಿ ಕೊಲೆಯಾದರು. ಅವರೂ ಮುಸಲ್ಮಾನರೇ. ಸೆಪ್ಟೆಂಬರ್ 17ರ ವಿಮೋಚನೆಯ ಬಳಿಕ ಸೇಡಿನ ಕಿಚ್ಚಿಗೆ ನಿರಪರಾಧಿ ಮುಸಲ್ಮಾನ ಕುಟುಂಬಗಳೂ ಬಲಿಯಾದವು. ಒಂದು ಕ್ರೌರ್ಯವನ್ನು ನೆನೆದು ಇನ್ನೊಂದನ್ನು ಮರೆಯುವುದು ಶರಣಮಾರ್ಗವಲ್ಲ.

1952ರ ಮಹಾಚುನಾವಣೆಯಲ್ಲಿ ಈ ನಾಡಿನ ವಯಸ್ಕರೆಲ್ಲರಿಗೂ ಮತದ ಹಕ್ಕು ದೊರೆತಿತು. ಅದನ್ನು ಉಳಿಸುವ ಕ್ರಮವನ್ನು ಹನ್ನೆರಡನೆಯ ಶತಮಾನದ ಶರಣರು ಮೊದಲೇ ತೋರಿದ್ದರು. ಅನುಭವ ಮಂಟಪದಲ್ಲಿ ಚುನಾವಣೆ ಇರಲಿಲ್ಲ, ಪ್ರಶ್ನಿಸುವ ಹಕ್ಕಿತ್ತು. ಅಗತ್ಯಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದ ಗಂಡ ಮಾರಯ್ಯನನ್ನು ಲಕ್ಕಮ್ಮ ಮನೆಯಲ್ಲೇ ತಿದ್ದಿದಳು. ಆತ ಮುನಿಯಲಿಲ್ಲ, ಮರಳಿಸಿ ಬಂದ.

ಆದ್ದರಿಂದ ತಾಯಿತಂದೆಗಳಲ್ಲಿ ನಮ್ಮದೊಂದು ವಿನಂತಿ. ಚುನಾವಣೆಯ ದಿನಗಳಲ್ಲಿ ಮಗ ದ್ವೇಷದ ಮಾತನ್ನು ಮನೆಗೆ ತಂದರೆ ಗದರಿಸಿ ಹೊರಗಟ್ಟಬೇಡಿರಿ, ನಕ್ಕು ಸುಮ್ಮನಾಗಲೂ ಬೇಡಿರಿ. ಕುಳ್ಳಿರಿಸಿ ಕೇಳಿರಿ, ಸೊಸೆಯೂ ಮಗಳೂ ತಮ್ಮ ಅಭಿಪ್ರಾಯ ಹೇಳಲಿ. ಎದುರು ಮಾತನ್ನು ಸಹಿಸುವ ಮನೆಯಲ್ಲಿ ಬೆಳೆದವರು ಎದುರು ಪಕ್ಷವನ್ನೂ ಸಹಿಸಬಲ್ಲರು.